ಕಾರಿನ ರಿಮೋಟ್ ಕೀಗೆ ನೀವೇ ಸೆಲ್ ಹಾಕಿ, ಪ್ರೋಗ್ರಾಮಿಂಗ್ ಎಲ್ಲೂ ಹೋಗಲ್ಲ

ರಿಮೋಟ್ ಕೀ ಬಿಚ್ಚಿ ಸೆಲ್ ತೆಗೆದರೆ ಪ್ರೋಗ್ರಾಮಿಂಗ್ ಹೊರಟುಹೋಗುತ್ತದೆ, ಆಮೇಲೆ ಕಾರು ಸ್ಟಾರ್ಟೇ ಆಗುವುದಿಲ್ಲ, ಸಾವಿರಾರು ರೂಪಾಯಿ ಕೊಟ್ಟು ಹೊಸ ಕೀ ಮಾಡಿಸಬೇಕು ಅಂತ ಯಾರಾದರೂ ನಿಮಗೂ ಹೇಳಿರುತ್ತಾರೆ. ಈ ಹೆದರಿಕೆಗೇ ಜನ ಅರ್ಧ ದಿನ ರಜೆ ಹಾಕಿ ಸರ್ವಿಸ್ ಸೆಂಟರಿಗೆ ಹೋಗುತ್ತಾರೆ. ಮನೆಯಲ್ಲೇ ಮೇಜಿನ ಮೇಲೆ ಒಂದು ಬಟ್ಟೆ ಹಾಸಿಕೊಂಡು ನೂರು ರೂಪಾಯಿ ಒಳಗೆ ಮುಗಿಸಬಹುದಾದ ಕೆಲಸಕ್ಕೆ ಅಲ್ಲಿ ಸೆಲ್ಲಿಗೆ ಒಂದು ರೇಟು, ಅದನ್ನು ಹಾಕಿದ್ದಕ್ಕೆ ಇನ್ನೊಂದು ರೇಟು.

ಆ ಮಾತು ನಿಜವಲ್ಲ. ಯಾಕಲ್ಲ ಅಂತ ಗೊತ್ತಾದರೆ ಕೀ ಬಿಚ್ಚುವಾಗ ಕೈ ನಡುಗುವುದಿಲ್ಲ, ಅದಕ್ಕೇ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕೀ ಒಳಗೆ ಎರಡು ಬೇರೆ ಬೇರೆ ವ್ಯವಸ್ಥೆ ಇದೆ. ಒಂದು, ಬಾಗಿಲು ಲಾಕ್-ಅನ್‌ಲಾಕ್ ಮಾಡುವ ರಿಮೋಟ್. ಬಟನ್ ಒತ್ತಿದಾಗ ರೇಡಿಯೋ ಸಿಗ್ನಲ್ ಕಳಿಸುವುದು ಇದು, ನಮ್ಮಲ್ಲಿ ಹೆಚ್ಚಿನ ಕಾರುಗಳಲ್ಲಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಇದಕ್ಕೆ ಸೆಲ್ ಬೇಕೇ ಬೇಕು. ಇನ್ನೊಂದು ಇಮೊಬಿಲೈಸರ್ ಚಿಪ್. ಇದು ನಮ್ಮದೇ ಕೀ ಅಂತ ಕಾರು ಗುರುತು ಹಿಡಿದು ಇಂಜಿನ್ ಸ್ಟಾರ್ಟ್ ಆಗಲು ಬಿಡುವುದು ಈ ಚಿಪ್ ನೋಡಿ. ಇದಕ್ಕೆ ಸೆಲ್ ಬೇಡ. ಕೀ ತೂರಿಸುವ ಜಾಗದ ಸುತ್ತ, ಪುಶ್ ಬಟನ್ ಕಾರಾದರೆ ಸಾಮಾನ್ಯವಾಗಿ ಬಟನ್ ಹಿಂದೆ, ಒಂದು ತಂತಿ ಸುರುಳಿ ಇರುತ್ತದೆ. ಅದು ಹೊರಡಿಸುವ ಶಕ್ತಿಯಲ್ಲೇ ಚಿಪ್ ಆ ಕ್ಷಣಕ್ಕೆ ಎಚ್ಚರಾಗಿ ತನ್ನ ಕೋಡ್ ಹೇಳುತ್ತದೆ. ನಮ್ಮ ಮೆಟ್ರೋ ಕಾರ್ಡಿಗೆ ಸೆಲ್ ಹಾಕಿದವರನ್ನು ಯಾರಾದರೂ ನೋಡಿದ್ದೀರಾ? ಇಲ್ಲ ಅಲ್ವಾ. ಇದೂ ಅದೇ ಥರ.

ಇನ್ನು ರಿಮೋಟಿನ ಕೋಡ್ ಇರುವುದೂ ಕರೆಂಟ್ ಇಲ್ಲದಿದ್ದರೂ ಅಳಿಸಿಹೋಗದ ಮೆಮೊರಿಯಲ್ಲಿ. ಹಾಗಾಗಿ ಹೊಸ ಸೆಲ್ ನಿಧಾನಕ್ಕೆ ಹಾಕಿದರೂ ನಡೆಯುತ್ತದೆ, ಹಳೆಯದನ್ನು ತೆಗೆದ ಎರಡು ನಿಮಿಷದಲ್ಲೇ ಹಾಕಬೇಕು ಅಂತೇನೂ ಇಲ್ಲ. ಕೆಲವು ಹಳೆ ಮಾಡೆಲ್‌ಗಳಲ್ಲಿ ಸೆಲ್ ಬದಲಾಯಿಸಿದ ಮೇಲೆ ಕಾರು ಮತ್ತು ರಿಮೋಟನ್ನು ಒಂದು ಸಲ ಹೊಂದಿಸಬೇಕಾಗುತ್ತದೆ, ಅದೂ ಕಾರಿನ ಜತೆ ಬಂದ ಪುಸ್ತಕ ನೋಡಿಕೊಂಡು ನೀವೇ ಮಾಡುವಂಥದ್ದು. ನಿಜವಾಗಿ ಕೈ ಹಾಕಬಾರದ್ದು ಅಂದರೆ ಕೆಲವು ಹಳೆ ಬಿಎಂಡಬ್ಲ್ಯು ಕೀಗಳ ಥರದವು. ಅವುಗಳ ಒಳಗಿರುವುದು ಚಾರ್ಜ್ ಆಗುವ ಸೆಲ್, ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಕೀ ಬಿಚ್ಚಿದಾಗ ಸೆಲ್ಲಿನ ಮೇಲೆ ಬೆಸುಗೆ ಕಂಡರೆ ಸುಮ್ನೆ ಮುಚ್ಚಿ, ಗೊತ್ತಿರುವವರ ಹತ್ತಿರ ಕೊಂಡುಹೋಗಿ.

ಮೊದಲು ಸೆಲ್ಲೇ ಹೋಗಿದೆಯಾ ನೋಡಿ

ಸೆಲ್ ಒಂದೇ ಏಟಿಗೆ ಸಾಯುವುದು ಅಪರೂಪ. ಮುಂಚೆ ಬಾಲ್ಕನಿಯಲ್ಲಿ ನಿಂತು ಒತ್ತಿದರೆ ಕೆಳಗಿನ ಕಾರು ಲಾಕ್ ಆಗುತ್ತಿತ್ತು, ಆಮೇಲೆ ಗೇಟಿನ ತನಕ ಹೋಗಬೇಕಾಯಿತು, ಈಗ ಬಾಗಿಲ ಪಕ್ಕದಲ್ಲೇ ನಿಂತು ಎರಡೆರಡು ಸಲ ಅದುಮಬೇಕು ಅಂದರೆ ಸೆಲ್ ಮುಗಿಯುತ್ತಾ ಬಂದಿದೆ. ಕೀ ಮೇಲೆ ಪುಟ್ಟ ಕೆಂಪು ಲೈಟ್ ಇದ್ದರೆ ಅದು ಮಂಕಾಗುತ್ತದೆ. ಚಳಿಗೆ ಸೆಲ್ಲಿನ ಬಲ ಇನ್ನಷ್ಟು ಇಳಿಯುತ್ತದೆ, ಅದಕ್ಕೇ ಮಡಿಕೇರಿ, ಚಿಕ್ಕಮಗಳೂರು ಕಡೆ ಬೆಳಗ್ಗೆ ಸತಾಯಿಸಿದ ಕೀ ಮಧ್ಯಾಹ್ನ ಸರಿಹೋದಂತೆ ಕಾಣುತ್ತದೆ. ಸರಿಹೋಗಿರುವುದಿಲ್ಲ. ಪುಶ್ ಬಟನ್ ಕಾರುಗಳಲ್ಲಿ ಬಹಳಷ್ಟು ಸಲ ಮೀಟರಿನಲ್ಲೇ ಕೀ ಬ್ಯಾಟರಿ ಕಮ್ಮಿ ಇದೆ ಅಂತ ಮೆಸೇಜ್ ಬರುತ್ತದೆ. ಆ ಮೆಸೇಜ್ ಬಂದ ವಾರದಲ್ಲೇ ಸೆಲ್ ತಂದುಬಿಡಿ.

ಸ್ಪೇರ್ ಕೀ ಒತ್ತಿ ನೋಡಿ. ಅದರಲ್ಲಿ ಆಗಿ ಇದರಲ್ಲಿ ಆಗದಿದ್ದರೆ ಈ ಕೀಯದ್ದೇ ತೊಂದರೆ. ಎರಡರಲ್ಲೂ ಆಗದಿದ್ದರೆ ಬಾನೆಟ್ ಒಳಗಿನ 12 ವೋಲ್ಟ್ ಬ್ಯಾಟರಿ ಮೇಲೆ ಅನುಮಾನ ಪಡಿ. ಅದು ಸತ್ತಿದ್ದರೆ ಕೀಗೆ ಎಷ್ಟು ಹೊಸ ಸೆಲ್ ಹಾಕಿದರೂ ಬಾಗಿಲು ತೆಗೆಯುವುದಿಲ್ಲ. ಒಂದೇ ಬಟನ್ ಕೆಲಸ ಮಾಡುತ್ತಿಲ್ಲ, ಲಾಕ್ ಆಗಲ್ಲ ಆದರೆ ಅನ್‌ಲಾಕ್ ಒಂದೇ ಸಲಕ್ಕೆ ಆಗುತ್ತದೆ ಅನ್ನುವುದಾದರೆ ಅದು ಸೆಲ್ ಅಲ್ಲವೇ ಅಲ್ಲ. ಬೋರ್ಡಿನ ಮೇಲಿರುವ ಆ ಬಟನ್ನಿನ ಸ್ವಿಚ್ ಸವೆದಿರುತ್ತದೆ. ಮೊಬೈಲ್ ರಿಪೇರಿ ಮಾಡುವವರು ಅದನ್ನು ಬದಲಾಯಿಸಿಕೊಡುತ್ತಾರೆ. ಒಂದೇ ಒಂದು ಜಾಗದಲ್ಲಿ ಮಾತ್ರ ರಿಮೋಟ್ ಹಿಡಿಯುತ್ತಿಲ್ಲ ಅಂದರೂ ಸೆಲ್ ಅಲ್ಲ, ಅಲ್ಲಿ ಬೇರೇನೋ ಸಿಗ್ನಲ್ ಅಡ್ಡ ಬರುತ್ತಿದೆ.

ಕೀಯನ್ನು ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಒತ್ತಿ, ಬೆಳಕು ಕಂಡರೆ ಸೆಲ್ ಸರಿ ಇದೆ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಅದು ಟಿವಿ ರಿಮೋಟಿಗೆ ಸರಿ, ಯಾಕೆಂದರೆ ಅದು ಕೆಲಸ ಮಾಡುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಕಾರಿನ ಕೀ ಕಳಿಸುವುದು ರೇಡಿಯೋ. ಕ್ಯಾಮೆರಾಗೆ ಅದು ಎಲ್ಲಿ ಕಾಣಬೇಕು? ಇನ್ನೊಂದು ಸಲಹೆ ಮಾತ್ರ ಕೇಳಲು ತಮಾಷೆಯಾಗಿದ್ದರೂ ಕೆಲಸ ಮಾಡುತ್ತದೆ: ಕೀಯನ್ನು ಗಲ್ಲಕ್ಕೆ ಒತ್ತಿ ಹಿಡಿದು ಬಟನ್ ಒತ್ತಿದರೆ ಸಿಗ್ನಲ್ ಇನ್ನೊಂದಿಷ್ಟು ದೂರ ಹೋಗುತ್ತದೆ. ಸೆಲ್ ತರುವ ತನಕ ಕಾಲ ತಳ್ಳಲು ಸಾಕು. ಪಾರ್ಕಿಂಗಿನಲ್ಲಿ ಯಾರಾದರೂ ನೋಡಿದರೆ ನನ್ನನ್ನು ಕೇಳಬೇಡಿ.

ಯಾವ ಸೆಲ್, ಎಲ್ಲಿ ತಗೊಳ್ಳುವುದು

ಯಾವ ಕಾರಿಗೆ ಯಾವ ಸೆಲ್ ಅಂತ ಪಟ್ಟಿ ಹುಡುಕುತ್ತಾ ಕೂರಬೇಡಿ. ಒಂದೇ ಕಾರಿನಲ್ಲೇ ವೇರಿಯಂಟ್ ಬದಲಾದರೆ ಕೀ ಬದಲಾಗುತ್ತದೆ, ಕೀ ಬದಲಾದರೆ ಸೆಲ್ ಬದಲಾಗಬಹುದು. ಕೀ ಬಿಚ್ಚಿ, ಒಳಗಿರುವ ಸೆಲ್ ಮೇಲೆ ಕೊರೆದಿರುವ ನಂಬರ್ ಓದಿ, ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಮುಂಚೆ ಯಾರಾದರೂ ತಪ್ಪು ಸೆಲ್ ತುರುಕಿದ್ದರೆ ಅನ್ನುವ ಅನುಮಾನವಿದ್ದರೆ ಪುಸ್ತಕದಲ್ಲೂ ನೋಡಿ, ಕೀ ಒಳಗೆ ಪ್ಲಾಸ್ಟಿಕ್ಕಿನ ಮೇಲೂ ಎಷ್ಟೋ ಸಲ ಬರೆದಿರುತ್ತದೆ. ನಮ್ಮಲ್ಲಿ ಈಗ ಓಡಾಡುವ ಸ್ಮಾರ್ಟ್ ಕೀಗಳಲ್ಲಿ ಸಿಕ್ಕಾಪಟ್ಟೆ ಸಿಗುವುದು ಸಿಆರ್2032. ಹಳೆಯ, ಸಣ್ಣ ರಿಮೋಟುಗಳಲ್ಲಿ 16ರಿಂದ ಶುರುವಾಗುವ ಸಿಆರ್1616, ಸಿಆರ್1620 ಇರಬಹುದು.

ಈ ನಂಬರ್ ಬರೀ ಹೆಸರಲ್ಲ, ಅಳತೆ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅಂದರೆ ಅಗಲ ಅಷ್ಟೇ, ದಪ್ಪ 2.5. 2016 ಅಂದರೆ ದಪ್ಪ 1.6. ಮೂರರದ್ದೂ ವೋಲ್ಟೇಜ್ 3. ಅದಕ್ಕೇ ಅಂಗಡಿಯವರು 2032 ಖಾಲಿಯಾಗಿದ್ದರೆ 2025 ಕೊಟ್ಟು ಎಲ್ಲಾ ಒಂದೇ ಸಾರ್ ಅಂತಾರೆ. ಒಂದೇ ಅಲ್ಲ. ತೆಳ್ಳಗಿನ ಸೆಲ್ ಹಾಕಿದರೆ ಮೊದಲು ಕೆಲಸ ಮಾಡಿದಂತೆ ಕಾಣುತ್ತದೆ, ಕೀ ಒಂದು ಸಲ ಕೆಳಗೆ ಬಿದ್ದರೆ ಅಥವಾ ಜೇಬಿನಲ್ಲಿ ಅಲುಗಾಡಿದರೆ ಕನೆಕ್ಷನ್ ತಪ್ಪುತ್ತದೆ. ಕಾಗದ ಮಡಚಿ ಇಡುವುದು, ಫಾಯಿಲ್ ಇಡುವುದು, ಇವೆಲ್ಲ ಬೇಡ. ತೆಳ್ಳಗಿನ ಸೆಲ್ಲಿನಲ್ಲಿರುವ ಚಾರ್ಜೂ ಕಮ್ಮಿ. ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪ್‌ಅವರ್ ಇದ್ದರೆ ಸಿಆರ್2016ರಲ್ಲಿ ಅದರ ಅರ್ಧವೂ ಇರುವುದಿಲ್ಲ.

ಎಲ್‌ಐಆರ್2032 ಅಂತ ಇನ್ನೊಂದು ಬರುತ್ತದೆ, ನೋಡಲು ತದ್ರೂಪ. ಅದು ಚಾರ್ಜ್ ಮಾಡುವ ಸೆಲ್. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗೆ ಅಂತ ಮಾಡಿದ ಬೋರ್ಡಿಗೆ ಅದನ್ನು ಹಾಕಬೇಡಿ.

ಸೆಲ್ ಸಿಗುವ ಜಾಗಗಳು ಗೊತ್ತಿರುವವೇ: ವಾಚ್ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿ, ಬೆಂಗಳೂರಾದರೆ ಎಸ್‌ಪಿ ರೋಡ್. ನನ್ನ ಆಯ್ಕೆ ಮಾತ್ರ ಜನಜಂಗುಳಿ ಇರುವ ಮೆಡಿಕಲ್ ಶಾಪ್. ಶುಗರ್ ನೋಡುವ ಮೆಷಿನ್ನುಗಳಲ್ಲಿ ಎಷ್ಟೋ ಸಿಆರ್2032ರಲ್ಲೇ ನಡೆಯುತ್ತವೆ, ಹಾಗಾಗಿ ಅಲ್ಲಿ ಮಾಲು ಹಳೆಯದಾಗುವಷ್ಟು ದಿನ ಕೂರುವುದಿಲ್ಲ. ಗಟ್ಟಿ ಪ್ಯಾಕಿನಲ್ಲಿ, ಕತ್ತರಿ ಇಲ್ಲದೆ ಬಿಚ್ಚಲಾಗದಂತೆ ಇರುವುದನ್ನೇ ತಗೊಳ್ಳಿ, ಹಿಂದೆ ಇರುವ ದಿನಾಂಕ ನೋಡಿ. ಒಳ್ಳೆ ಕಂಪನಿಯ ಲಿಥಿಯಂ ಸೆಲ್ ಪ್ಯಾಕ್ ಒಡೆಯದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ, ಆದರೂ ಬಿಸಿಲಲ್ಲಿ ನೇತುಹಾಕಿದ್ದು ಬೇಡ. ಡಬ್ಬಿಯಲ್ಲಿ ಬಿಡಿ ಸೆಲ್ಲುಗಳನ್ನು ರಾಶಿ ಹಾಕಿ ಕೈಯಿಂದ ಬಾಚಿ ಕೊಡುವ ಅಂಗಡಿ ಇರುತ್ತದಲ್ಲ, ಅಲ್ಲಿ ಬೇಡವೇ ಬೇಡ. ಒಂದಕ್ಕೊಂದು ತಾಗಿ ಅರ್ಧ ಚಾರ್ಜ್ ಅಲ್ಲೇ ಇಳಿದಿರುತ್ತದೆ.

ಪ್ಯಾನಾಸೋನಿಕ್, ಮ್ಯಾಕ್ಸೆಲ್, ಎನರ್ಜೈಸರ್, ಡ್ಯೂರಾಸೆಲ್, ಮುರಾಟಾ, ಇವು ಯಾವುದಾದರೂ ಸರಿ. ನಕಲಿ ಜಾಸ್ತಿ ಓಡಾಡುತ್ತವೆ, ಬೆಲೆ ತೀರಾ ಕಮ್ಮಿ ಇದ್ದರೆ ಅನುಮಾನ ಪಡಿ. ಹೊಚ್ಚ ಹೊಸ ಮಾಲು ಅಂತ ಸೋನಿ ಹೆಸರಿನ ಸೆಲ್ ಕೊಟ್ಟರಂತೂ ಎರಡು ಸಲ ನೋಡಿ. ಸೋನಿ ತನ್ನ ಬ್ಯಾಟರಿ ವ್ಯಾಪಾರವನ್ನು 2017ರಲ್ಲೇ ಮುರಾಟಾಗೆ ಮಾರಿಬಿಟ್ಟಿದೆ. ಮಲ್ಟಿಮೀಟರ್ ಇದ್ದವರು ಅಳೆದು ನೋಡಬಹುದು, ಹೊಸದರಲ್ಲಿ 3.2 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ತೋರಿಸಬೇಕು. 2.8ಕ್ಕಿಂತ ಕೆಳಗೆ ಬಂದ ಹಳೆಯದನ್ನು ಯೋಚನೆ ಮಾಡದೆ ತೆಗೆಯಿರಿ. 3 ತೋರಿಸಿದ ಮಾತ್ರಕ್ಕೆ ಹಳೆ ಸೆಲ್ ಚೆನ್ನಾಗಿದೆ ಅಂತಲೂ ಅಲ್ಲ, ಸುಮ್ನೆ ಕೂತಾಗ 3 ತೋರಿಸಿ ಬಟನ್ ಒತ್ತಿದ ತಕ್ಷಣ ಕುಸಿಯುವ ಸೆಲ್ಲುಗಳಿವೆ.

ಬಿಚ್ಚುವುದು

ಕಷ್ಟ ಇರುವುದು ಇಲ್ಲಿ ಮಾತ್ರ. ಬೇಕಾಗಿರುವುದು ಒಂದು ಚಪ್ಪಟೆ ಮೂತಿಯ ಸಣ್ಣ ಸ್ಕ್ರೂಡ್ರೈವರ್, ಇಲ್ಲದಿದ್ದರೆ ಒಂದು ನಾಣ್ಯ. ಸ್ಕ್ರೂಡ್ರೈವರ್ ಮೂತಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ ಅಥವಾ ತೆಳು ಬಟ್ಟೆ ಹಿಡಿಯಿರಿ, ಇಲ್ಲದಿದ್ದರೆ ಕೀ ಅಂಚಿನಲ್ಲಿ ಗೀರು ಬಿದ್ದು ಪ್ರತಿ ಸಲ ಕೈಗೆ ಸಿಗುತ್ತದೆ. ಚಾಕು ಬೇಡ. ಜಾರಿದರೆ ಹೆಬ್ಬೆರಳಿಗೇ ಬರುತ್ತದೆ.

ಪುಶ್ ಬಟನ್ ಕಾರಿನ ಸ್ಮಾರ್ಟ್ ಕೀಯಿಂದ ಶುರು ಮಾಡೋಣ, ಮಾರುತಿ, ಹ್ಯುಂಡೈ, ಟೊಯೋಟಾ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಕ್ರಮ. ಕೀಯ ಬದಿಯಲ್ಲೋ ಹಿಂದೆಯೋ ಒಂದು ಪುಟ್ಟ ಗುಬ್ಬಿ ಇರುತ್ತದೆ. ಅದನ್ನು ಒತ್ತಿ ಅಥವಾ ಸರಿಸಿ ಹಿಡಿದುಕೊಂಡು ಎಳೆದರೆ ಒಳಗಿಂದ ಉದ್ದನೆಯ ಲೋಹದ ಕೀ ಹೊರಗೆ ಬರುತ್ತದೆ. ಎಷ್ಟೋ ಜನರಿಗೆ ಕಾರು ತಗೊಂಡು ವರ್ಷಗಳಾದರೂ ಇದೊಂದು ಇದೆ ಅಂತ ಗೊತ್ತಿರುವುದಿಲ್ಲ. ಅದು ಕೂತಿದ್ದ ಜಾಗದ ಒಳಗೆ ಇಣುಕಿ ನೋಡಿ, ಎರಡು ಪ್ಲಾಸ್ಟಿಕ್ ಭಾಗ ಸೇರುವ ಗೆರೆಯಲ್ಲಿ ಒಂದು ಸಣ್ಣ ಸೀಳು ಕಾಣುತ್ತದೆ. ಸ್ಕ್ರೂಡ್ರೈವರ್ ಹಾಕಬೇಕಾದದ್ದು ಅಲ್ಲೇ. ಮೂತಿಯನ್ನು ಒಳಗೆ ತಳ್ಳಬೇಡಿ, ಬಾಯಿಗೆ ಇಟ್ಟು ತಿರುಗಿಸಿ. ಬಾಗಿಸಿ ಎತ್ತುವುದಲ್ಲ, ಬೀಗದಲ್ಲಿ ಕೀ ತಿರುಗಿಸುವ ಹಾಗೆ ತಿರುಗಿಸುವುದು. ಟಿಕ್ ಅಂತ ಒಂದು ಸದ್ದು ಬರುತ್ತದೆ, ಮುರಿದೇಹೋಯಿತು ಅನ್ನಿಸುತ್ತದೆ, ಮುರಿದಿರುವುದಿಲ್ಲ. ಒಳಗಿನ ಕೊಂಡಿ ಬಿಟ್ಟಿದ್ದು ಅದು. ಆಮೇಲೆ ಉಗುರನ್ನು ಸಂದಿಯಲ್ಲಿ ಓಡಿಸುತ್ತಾ ಸುತ್ತಲೂ ಒಂದೊಂದೇ ಕೊಂಡಿ ಬಿಡಿಸಿ. ಎಲ್ಲೂ ಸೀಳು ಕಾಣದೆ, ಸುಮ್ನೆ ಬಲ ಹಾಕುತ್ತಿದ್ದೀರಿ ಅನ್ನಿಸಿದರೆ ನಿಲ್ಲಿಸಿ, ಪುಸ್ತಕ ತೆಗೆಯಿರಿ. ಕೀ ಬಿಚ್ಚುವ ಚಿತ್ರ ಸಾಮಾನ್ಯವಾಗಿ ಅದರಲ್ಲಿ ಇದ್ದೇ ಇರುತ್ತದೆ.

ಮಡಚುವ ಕೀ, ಅಂದರೆ ಬಟನ್ ಒತ್ತಿದರೆ ಚಾಕುವಿನಂತೆ ಹೊರಗೆ ಹಾರುವುದು, ಅದರ ಬಟನ್ ಒತ್ತಿ ಲೋಹದ ಕೀಯನ್ನು ಮೊದಲು ಹೊರಗೆ ಚಾಚಿಸಿ ಇಟ್ಟುಕೊಳ್ಳಿ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥವುಗಳಲ್ಲಿ ಲೋಹದ ಕೀ ಕೂರುವ ಗುಂಡಿಯ ಬದಿಯಲ್ಲೇ ಮುಚ್ಚಳ ಎಬ್ಬಿಸಲು ಜಾಗ ಇರುತ್ತದೆ. ಬೇರೆಯವುಗಳಲ್ಲಿ ಹಿಂಬದಿಗೆ ಸೆಲ್ಲಿಗೇ ಅಂತ ಪ್ರತ್ಯೇಕ ಮುಚ್ಚಳ ಇರಬಹುದು. ಲೋಹದ ಕೀ ತಿರುಗುವ ಮೂಲೆಗೆ ಮಾತ್ರ ಕೈ ಹಾಕಬೇಡಿ, ಅಲ್ಲಿ ಸ್ಪ್ರಿಂಗ್ ಇದೆ. ಅದು ಹಾರಿ ಸೋಫಾ ಕೆಳಗೆ ಹೋದರೆ ಆ ಭಾನುವಾರ ಪೂರ್ತಿ ಅದಕ್ಕೇ.

ಮೂರನೆಯದು ಹಳೆ ಥರದ್ದು, ಮಡಚುವುದಿಲ್ಲ, ಕಪ್ಪು ತಲೆಯ ಮೇಲೆ ಒಂದೆರಡು ಬಟನ್, ಹಿಂದೆ ಒಂದು ಸಣ್ಣ ಸ್ಕ್ರೂ. ಸ್ಕ್ರೂ ಬಿಚ್ಚಿದರೆ ತಲೆ ಎರಡು ಹೋಳಾಗುತ್ತದೆ, ಒಳಗೆ ರಿಮೋಟಿನ ಪುಟ್ಟ ಡಬ್ಬಿ ಸಿಗುತ್ತದೆ. ಈ ಜಾತಿಯ ಕೀಯಲ್ಲಿ ಒಂದು ಅಪಾಯ ಇದೆ, ಇದನ್ನು ಗಮನ ಇಟ್ಟು ಓದಿ. ಮೊದಲು ಹೇಳಿದೆನಲ್ಲ ಇಮೊಬಿಲೈಸರ್ ಚಿಪ್, ಇಂಥ ಕೀಗಳಲ್ಲಿ ಎಷ್ಟೋ ಸಲ ಅದು ರಿಮೋಟ್ ಬೋರ್ಡಿನ ಮೇಲೆ ಇರುವುದಿಲ್ಲ. ಬೇರೆಯಾಗಿ, ಶೆಲ್ಲಿನ, ಅಂದರೆ ಕೀಯ ಹೊರಗಿನ ಪ್ಲಾಸ್ಟಿಕ್ ಕವಚದ, ಒಂದು ಗೂಡಿನಲ್ಲಿ ಸುಮ್ನೆ ಕೂತಿರುತ್ತದೆ. ನೋಡಲು ಕರಿ ಬಣ್ಣದ ಒಂದು ಸಣ್ಣ ಚೂರು, ಕೆಲವದರಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆ. ತಂತಿ ಇಲ್ಲ, ಏನೂ ಇಲ್ಲ, ಪ್ಲಾಸ್ಟಿಕ್ ಕಸ ಅಂದುಕೊಂಡು ಊದಿಬಿಡುವಂತಿರುತ್ತದೆ. ಅದು ಕಳೆದರೆ ಬಾಗಿಲು ರಿಮೋಟಿನಲ್ಲಿ ತೆರೆಯುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ, ಮೀಟರಿನಲ್ಲಿ ಕೀ ಚಿತ್ರದ ಲೈಟ್ ಮಿಟುಕುತ್ತಾ ಇರುತ್ತದೆ. ಸೆಲ್ ಬದಲಾಯಿಸಿದರೆ ಪ್ರೋಗ್ರಾಮಿಂಗ್ ಹೋಗುತ್ತದೆ ಅನ್ನುವ ಕಥೆಗಳಲ್ಲಿ ಸುಮಾರು ಹುಟ್ಟಿದ್ದು ಹೀಗೇ ಇರಬೇಕು ಅಂತ ನನ್ನ ಗುಮಾನಿ. ಹೋಗಿದ್ದು ಪ್ರೋಗ್ರಾಮಿಂಗ್ ಅಲ್ಲ, ಚಿಪ್. ಹಳೆ ಶೆಲ್ ಒಡೆದಿದೆ ಅಂತ ಹೊಸ ಶೆಲ್ ಹಾಕಿಸುವಾಗಲೂ ಕೀ ಅಂಗಡಿಯವರು ಚಿಪ್ ವರ್ಗಾಯಿಸಿದರಾ ಅಂತ ಪಕ್ಕದಲ್ಲೇ ನಿಂತು ನೋಡಿ, ಹಳೆ ಶೆಲ್ ಕೇಳಿ ತಗೊಂಡು ಬನ್ನಿ.

ಹಾಗಾಗಿ ಯಾವ ಕೀ ಆದರೂ ತಿಳಿ ಬಣ್ಣದ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಫ್ಯಾನ್ ಆಫ್ ಮಾಡಿ ಅಂತ ಬೇರೆ ಹೇಳಬೇಕಾ?

ಹಾಕುವುದು

ಮುಚ್ಚಳ ತೆಗೆದ ತಕ್ಷಣ, ಏನನ್ನೂ ಮುಟ್ಟುವ ಮೊದಲು, ಒಂದು ಫೋಟೋ. ಸೆಲ್ಲಿನ ಯಾವ ಮುಖ ಮೇಲಿದೆ ಅನ್ನುವುದು ಅದರಲ್ಲಿ ಕಾಣಬೇಕು. ಅಗಲದ, ಬರಹ ಇರುವ ಮುಖ ಪ್ಲಸ್. ಕೆಲವು ಕೀಗಳಲ್ಲಿ ಅದು ಮೇಲಕ್ಕೆ, ಕೆಲವದರಲ್ಲಿ ಕೆಳಕ್ಕೆ, ನೆನಪಿನ ಮೇಲೆ ಬಿಡಬೇಡಿ.

ಹಳೆ ಸೆಲ್ಲನ್ನು ಎಬ್ಬಿಸಲು ಪ್ಲಾಸ್ಟಿಕ್ ಕಡ್ಡಿಯೋ ಉಗುರೋ ಸಾಕು. ಒಂದು ಕಡೆ ಸೆಲ್ಲನ್ನು ಹಿಡಿದಿರುವ ಪ್ಲಾಸ್ಟಿಕ್ ತುಟಿ ಇರುತ್ತದೆ, ಅದರ ಎದುರು ಬದಿಯಿಂದ ಎತ್ತಿ. ಲೋಹದ ಚಿಮಟದಲ್ಲಿ ಎರಡೂ ಮುಖ ಸೇರಿಸಿ ಹಿಡಿದರೆ ಶಾರ್ಟ್ ಆಗುತ್ತದೆ, ಹೊಸ ಸೆಲ್ಲನ್ನಂತೂ ಹಾಗೆ ಹಿಡಿಯಲೇಬೇಡಿ. ಕೆಳಗೆ ತೆಳುವಾದ ತಾಮ್ರದ ಬಣ್ಣದ ಅಥವಾ ಬೆಳ್ಳಿ ಬಣ್ಣದ ಪಟ್ಟಿ ಕಾಣುತ್ತದೆ, ಅದು ಸ್ವಲ್ಪ ಮೇಲಕ್ಕೆ ಬಾಗಿರಬೇಕು. ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿದ್ದರೆ ಕಡ್ಡಿಯಲ್ಲಿ ಕೂದಲೆಳೆಯಷ್ಟು ಎತ್ತಿ, ಜಾಸ್ತಿ ಎತ್ತಿದರೆ ಮುರಿಯುತ್ತದೆ. ಹಸಿರು ಅಥವಾ ಬಿಳಿ ಕಿಲುಬು ಇದ್ದರೆ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ. ಅದು ಇಲ್ಲವಾದರೆ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಚೂರು ಊದಿ ತೆಗೆಯಿರಿ. ತೇವದ ಬಟ್ಟೆ ಬೇಡ.

ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ಬೆರಳಿನ ಜಿಡ್ಡು ಮುಖಗಳಿಗೆ ತಾಗದಿದ್ದರೆ ಒಳ್ಳೆಯದು, ತಾಗಿದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಮುಚ್ಚುವ ಮೊದಲೇ ಒಂದು ಸಲ ಬಟನ್ ಒತ್ತಿ ಕೆಂಪು ಲೈಟ್ ಬರುತ್ತದಾ ನೋಡಿ.

ಆಮೇಲೆ ರಬ್ಬರ್. ಬಟನ್ನುಗಳ ಕೆಳಗೆ ಒಂದು ರಬ್ಬರ್ ಹಾಳೆ, ಕೆಲವದರಲ್ಲಿ ಅಂಚಿನ ಸುತ್ತ ತೆಳು ರಬ್ಬರ್ ಬಳೆ ಇರುತ್ತದೆ. ನೀರು ಒಳಗೆ ಹೋಗದಂತೆ ತಡೆಯುವುದು ಅದೇ. ಅದು ಜಾರಿ ಸಂದಿಯಲ್ಲಿ ಸಿಕ್ಕಿಕೊಂಡರೆ ಕೀ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಲಿಲ್ಲ ಅಂತ ಬಲವಾಗಿ ಅಮುಕಿದರೆ ಮಳೆಗಾಲಕ್ಕೆ ಅದರ ಫಲ ಗೊತ್ತಾಗುತ್ತದೆ. ಎರಡೂ ಭಾಗ ಸೇರಿಸಿ ಸುತ್ತಲೂ ಒತ್ತುತ್ತಾ ಬನ್ನಿ, ಟಿಕ್ ಟಿಕ್ ಅಂತ ಕೂರುತ್ತದೆ. ಸಂದಿಯ ಗೆರೆ ಎಲ್ಲ ಕಡೆ ಒಂದೇ ಸಮ ಇರಬೇಕು. ಲೋಹದ ಕೀಯನ್ನು ಮತ್ತೆ ಒಳಗೆ ಇಡಲು ಮರೆಯಬೇಡಿ, ಅದು ಎಷ್ಟೋ ಮನೆಗಳಲ್ಲಿ ಮೇಜಿನ ಡ್ರಾಯರಿನಲ್ಲೇ ಉಳಿದುಬಿಡುತ್ತದೆ.

ಹಾಕಿದರೂ ಆಗುತ್ತಿಲ್ಲ ಅಂದರೆ

ಫೋಟೋ ನೋಡಿ, ಸೆಲ್ ಉಲ್ಟಾ ಇದೆಯಾ. ಸರಿ ಇದ್ದರೆ ಪಟ್ಟಿ ತಾಗುತ್ತಿದೆಯಾ. ಅದೂ ಸರಿ ಇದ್ದರೆ ಸೆಲ್ ಯಾವ ಕಂಪನಿಯದ್ದು ಅಂತ ನೋಡಿ. ಮಕ್ಕಳು ಬಾಯಿಗೆ ಹಾಕಿದರೆ ಉಗುಳಲಿ ಅಂತ ಡ್ಯೂರಾಸೆಲ್ ತನ್ನ ಲಿಥಿಯಂ ಬಟನ್ ಸೆಲ್ಲುಗಳಿಗೆ ಕಹಿ ಲೇಪ ಹಚ್ಚುತ್ತದೆ. ಉದ್ದೇಶ ಬಹಳ ಒಳ್ಳೆಯದು. ಆದರೆ ಕೆಲವು ಸಾಧನಗಳಲ್ಲಿ ಪಟ್ಟಿ ಆ ಲೇಪದ ಮೇಲೇ ಬಂದು ಕೂತು ಕರೆಂಟ್ ಹರಿಯುವುದಿಲ್ಲ. ಕಳೆದ ವಸ್ತು ಹುಡುಕಲು ಬಳಸುವ ತನ್ನ ಏರ್‌ಟ್ಯಾಗಿನಲ್ಲಿ ಕಹಿ ಲೇಪದ ಸಿಆರ್2032 ಕೆಲಸ ಮಾಡದಿರಬಹುದು ಅಂತ ಆಪಲ್ ಕಂಪನಿಯೇ ಹೇಳಿದೆ. ಬೇರೆ ಕಂಪನಿಯದ್ದು ಹಾಕಿ ನೋಡಿ.

ಲೈಟ್ ಬರುತ್ತಿದೆ, ಕಾರು ಮಾತ್ರ ಕೇಳುತ್ತಿಲ್ಲ ಅಂದರೆ ಹೊಂದಾಣಿಕೆ ತಪ್ಪಿರಬಹುದು. ರಿಮೋಟ್ ಪ್ರತಿ ಸಲ ಒತ್ತಿದಾಗಲೂ ಬೇರೆ ಕೋಡ್ ಕಳಿಸುತ್ತದೆ, ಕದ್ದು ಕೇಳಿಸಿಕೊಂಡವರು ಅದನ್ನೇ ಮತ್ತೆ ಬಳಸಬಾರದು ಅಂತ. ಕಾರು ಮುಂದಿನ ಕೆಲವು ಕೋಡುಗಳಿಗೆ ಕಾಯುತ್ತಿರುತ್ತದೆ. ಮಗು ಮನೆಯಲ್ಲಿ ಕೂತು ಬಟನ್ ಒತ್ತುತ್ತಾ ಆಟ ಆಡಿದ್ದರೆ ರಿಮೋಟ್ ತುಂಬಾ ಮುಂದೆ ಹೋಗಿಬಿಟ್ಟಿರುತ್ತದೆ. ಲೋಹದ ಕೀಯಿಂದ ಬಾಗಿಲು ತೆಗೆದು, ಇಗ್ನಿಷನ್ ಆನ್ ಮಾಡಿ, ಇಂತಿಷ್ಟು ಸೆಕೆಂಡಿನೊಳಗೆ ಲಾಕ್ ಬಟನ್ ಒತ್ತುವ ಥರದ ಕ್ರಮ ಪುಸ್ತಕದಲ್ಲಿ ಇರುತ್ತದೆ. ಅದೂ ಆಗದಿದ್ದರೆ ಆಗ ಸರ್ವಿಸ್ ಸೆಂಟರ್.

ಕೀ ಪ್ಯಾಂಟಿನ ಜೇಬಿನಲ್ಲೇ ವಾಷಿಂಗ್ ಮೆಷಿನ್ ಒಳಗೆ ಹೋಗಿ ಬಂದಿದ್ದರೆ ಬಟನ್ ಒತ್ತಿ ಪರೀಕ್ಷೆ ಮಾಡಬೇಡಿ. ಮೊದಲು ಸೆಲ್ ತೆಗೆಯಿರಿ, ಬಿಚ್ಚಿಟ್ಟು ಚೆನ್ನಾಗಿ ಒಣಗಿಸಿ, ಆಮೇಲೆ ಹೊಸ ಸೆಲ್ ಹಾಕಿ.

ದಾರಿಯಲ್ಲೇ ಸತ್ತರೆ

ಇದನ್ನು ಇವತ್ತೇ ಒಂದು ಸಲ ಮಾಡಿ ನೋಡಿ, ಆಗುಂಬೆ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ನಿಂತು ಕಲಿಯುವುದಲ್ಲ. ಸ್ಮಾರ್ಟ್ ಕೀಯಿಂದ ಲೋಹದ ಕೀ ತೆಗೆಯಿರಿ. ಡ್ರೈವರ್ ಬಾಗಿಲಿನಲ್ಲಿ ಕೀ ತೂತು ಕಾಣದಿದ್ದರೆ ಹಿಡಿಕೆಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ, ಅದನ್ನು ಎಬ್ಬಿಸುವ ಸಂದಿ ಸಾಮಾನ್ಯವಾಗಿ ಕೆಳಬದಿಯಲ್ಲಿ. ಬಾಗಿಲು ತೆಗೆದ ಕೂಡಲೇ ಅಲಾರಂ ಕೂಗಿಕೊಳ್ಳಬಹುದು. ಜನ ತಿರುಗಿ ನೋಡುತ್ತಾರೆ, ನೋಡಲಿ. ಒಳಗೆ ಕೂತು ಕ್ಲಚ್ ಅಥವಾ ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಸ್ಟಾರ್ಟ್ ಮಾಡಿ. ಹ್ಯುಂಡೈ, ಕಿಯಾಗಳಲ್ಲಿ ಕೀಯಿಂದಲೇ ಬಟನ್ ಒತ್ತಬಹುದು. ಟೊಯೋಟಾದಲ್ಲಿ ಕೀಯ ಲೋಗೋ ಇರುವ ಮುಖವನ್ನು ಬಟನ್ನಿಗೆ ತಾಗಿಸಬೇಕು. ಕೆಲವು ಕಾರುಗಳಲ್ಲಿ ಈ ಜಾಗ ಸ್ಟೀರಿಂಗ್ ಕಂಬದ ಬದಿಯಲ್ಲೋ, ನಡುವಿನ ಕನ್ಸೋಲಿನಲ್ಲೋ ಇರುತ್ತದೆ. ನಿಮ್ಮದರಲ್ಲಿ ಎಲ್ಲಿ ಅಂತ ನೋಡಿಟ್ಟುಕೊಂಡು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ತೋರಿಸಿ. ಅಪ್ಪ ಅಮ್ಮ ಕಾರು ತಗೊಂಡು ಹೋಗುವವರಾದರೆ ಅವರಿಗೆ ಮೊದಲು.

ಸ್ಮಾರ್ಟ್ ಕೀ ಸೆಲ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ಬೇಗ ಹೋಗುತ್ತಿದ್ದರೆ ಕೀ ಎಲ್ಲಿಡುತ್ತೀರಿ ನೋಡಿ. ಬಟನ್ ಒತ್ತದಿದ್ದರೂ ಅದು ಸದಾ ಕಾರಿನ ಕರೆಗೆ ಕಿವಿಗೊಟ್ಟಿರುತ್ತದೆ. ಕಾರಿಗೆ ಅಂಟಿದಂತಿರುವ ಗೋಡೆಯ ಮೊಳೆಗೆ ಕೀ ನೇತುಹಾಕಿದರೆ, ಟಿವಿ, ಲ್ಯಾಪ್‌ಟಾಪ್ ಪಕ್ಕ ಇಟ್ಟರೆ ಸುಮ್ಮಸುಮ್ನೆ ಎಚ್ಚರಾಗಿ ಸೆಲ್ ತಿನ್ನುತ್ತದೆ. ಟಿವಿ, ಲ್ಯಾಪ್‌ಟಾಪ್ ಥರದವುಗಳಿಂದ ಒಂದು ಮೀಟರಾದರೂ ದೂರ ಇಡಿ. ಟೊಯೋಟಾದ ಹಲವು ಸ್ಮಾರ್ಟ್ ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ಕೀ ನಿದ್ದೆಗೆ ಹೋಗುತ್ತದೆ, ಲೈಟ್ ನಾಲ್ಕು ಸಲ ಮಿನುಗುತ್ತದೆ. ಬೀರುವಿನಲ್ಲಿರುವ ಸ್ಪೇರ್ ಕೀಗೆ ಇದು ಹೇಳಿ ಮಾಡಿಸಿದ್ದು. ಬೇಕಾದಾಗ ಯಾವುದಾದರೂ ಬಟನ್ ಒತ್ತಿದರೆ ಎಚ್ಚರಾಗುತ್ತದೆ.

ಹಳೆ ಸೆಲ್ ಮೇಜಿನ ಮೇಲೆ ಬಿಡಬೇಡಿ

ಇದನ್ನು ಕೊನೆಗೆ ಹಾಕಿದ್ದೇನೆ ಅಂತ ಚಿಕ್ಕ ವಿಷಯ ಅಂದುಕೊಳ್ಳಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ 20 ಮಿಲಿಮೀಟರಿನ ಈ ಸೆಲ್ ಎಲ್ಲಕ್ಕಿಂತ ಅಪಾಯ, ಯಾಕೆಂದರೆ ಅದು ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ. ಒದ್ದೆ ಜಾಗದಲ್ಲಿ ಕರೆಂಟ್ ಹರಿದು ಕ್ಷಾರ ಹುಟ್ಟಿ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಮಾಡಬಲ್ಲದು. ರಿಮೋಟಿಗೆ ಸಾಲದಷ್ಟು ಇಳಿದ ಸೆಲ್ಲಿಗೂ ಅಷ್ಟು ಶಕ್ತಿ ಇರುತ್ತದೆ. ಮಗು ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬೆಳಗಾಗಲಿ ಅಂತ ಕಾಯಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ನೇರ ಹೋಗಿ, ಸೆಲ್ಲಿನ ಪ್ಯಾಕ್ ಜತೆಗೆ ತಗೊಂಡು ಹೋಗಿ. ನುಂಗಿ 12 ಗಂಟೆ ಆಗಿಲ್ಲದಿದ್ದರೆ, ಒಂದು ವರ್ಷ ದಾಟಿದ, ನುಂಗಲು ಆಗುವ ಮಗುವಿಗೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಿ, ಆರು ಸಲಕ್ಕಿಂತ ಹೆಚ್ಚು ಬೇಡ ಅಂತ ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಹೇಳುತ್ತದೆ. ಜೇನು ಹುಡುಕುತ್ತಾ ಹೊತ್ತು ಕಳೆಯಬೇಡಿ, ಕೈಗೆ ಸಿಕ್ಕರೆ ಮಾತ್ರ.

ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಆಗಲೇ ಸೆಲ್ಲೋಟೇಪ್ ಸುತ್ತಿ, ಎತ್ತರದಲ್ಲಿ ಒಂದು ಡಬ್ಬಿಗೆ ಹಾಕಿಡಿ. ಹಸಿ ಕಸಕ್ಕೂ ಒಣ ಕಸಕ್ಕೂ ಹಾಕುವಂತಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಬೇರೆ ಇಡಬೇಕು. ಮನೆಯ ಹಳೆ ಚಾರ್ಜರ್, ಕೆಟ್ಟ ಇಯರ್‌ಫೋನ್ ಕೊಡುವಾಗ ಇ-ವೇಸ್ಟ್ ತಗೊಳ್ಳುವವರಿಗೆ ಈ ಡಬ್ಬಿಯನ್ನೂ ಕೊಟ್ಟುಬಿಡಿ.